ಎಳ್ಳಷ್ಟು ಸಡಿಲ

ಉತ್ತರ ಡಕೋಟಾದ ಜನವರಿಯನ್ನೂ ಜೊತೆಗೆ ಒಳಗೆ ಬಿಟ್ಟುಕೊಂಡು
ಬಂದ ಮರ್ಲಿನ್ ಕ್ವಾಮ್.
ಕೌಂಟರಿನ ರಸೀದಿಗಳೆಲ್ಲ ಎದ್ದು ಕೂತವು.
ಕೈಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದು
ಟವೆಲ್ಲು ಬಿಚ್ಚಿ ಪಿಸ್ತೂಲು ಇಟ್ಟ.
ಮ್ಯಾಗಜೀನು ಬೇರೆ, ಚೇಂಬರು ಖಾಲಿ, ಸ್ಲೈಡು ಹಿಂದಕ್ಕೆ:
ಮೂವತ್ತು ವರ್ಷ ಕೌಂಟಿಯ ಡೆಪ್ಯುಟಿಯಾಗಿದ್ದವನ ಮರ್ಯಾದೆ.
ಆಮೇಲೆ ಸ್ಲೈಡು ಮುಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸಿದ.
ಗಲಗಲ.
"ಬಟಾಣಿ ಡಬ್ಬಿ ಕೈಗೆ ಕೊಟ್ಟು ಗುರಿ ಹೊಡಿ ಅಂದರೆ
ಹೇಗಯ್ಯಾ ಹೊಡೀಲಿ?"

ಮಂಗಳವಾರದ ಲೀಗು, ಮಾಜಿ ಸೈನಿಕರ ಹಾಲಿನ ನೆಲಮಾಳಿಗೆ.
ಐವತ್ತು ಅಡಿ, ಹತ್ತು ಗುಂಡು, ಒಂದೇ ಕೈ.
ಕಾಫಿ ಮಗ್ಗಿನ ಬಾಯಲ್ಲಿ ಮುಚ್ಚಿಹೋಗುತ್ತಿದ್ದ ತೂತುಗಳು
ಈಗ ಊಟದ ತಟ್ಟೆಯಗಲ ಚೆಲ್ಲುತ್ತಿವೆಯಂತೆ.
ಮೊನ್ನೆ ಮೊನ್ನೆ ಹೈಸ್ಕೂಲು ಮುಗಿಸಿದ ಬ್ರಿನ್ ಫಾಸ್ನೆಸ್ ಕೂಡ
ಅವನನ್ನು ದಾಟಿ ಹೋದಳಂತೆ.

ಬಿಚ್ಚಿದೆ.
ಬಿಳಿ ಫ್ಲಾನೆಲ್ಲಿನ ಮೇಲೆ ಹೊರಬಂದ ಕ್ರಮದಲ್ಲೇ ಸಾಲಾಗಿ,
ಅಪ್ಪ ಇಡುತ್ತಿದ್ದ ಹಾಗೆ.
ಫ್ರೇಮಿನ ಹಳಿಗಳ ಮೇಲೆ ಕಪ್ಪು ಹೋಗಿ ಎರಡು ಬೆಳ್ಳನೆ ಗೆರೆ,
ಸ್ಲೈಡು ಹೋಗಿ ಬಂದು ಹೋಗಿ ಬಂದು ಸವೆಸಿದ ಕಾಲುದಾರಿ.
ಮೈಕ್ರೋಮೀಟರು ಹೇಳಿತು:
ಅಂಗುಲದ ಸಾವಿರ ಪಾಲಲ್ಲಿ ಒಂಬತ್ತು.
ಕಡಿಮೆಯೇನಲ್ಲ. ಬೆರಳಿಗೆ ಸಿಗುತ್ತದೆ, ಕಿವಿಗೂ.

ಅಪ್ಪನಾಗಿದ್ದರೆ ಹಳಿಗಳನ್ನು ಚಿಕ್ಕ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ,
ಸ್ಲೈಡನ್ನು ವೈಸಿನಲ್ಲಿ ಕೂದಲೆಳೆಯಷ್ಟು ಹಿಂಡಿ,
ಅರೆಯುವ ಪೇಸ್ಟು ಹಚ್ಚಿ ಸಂಜೆತನಕ ಎಳೆದಾಡಿ
ಗಾಜಿನ ಮೇಲೆ ಗಾಜು ಜಾರಿದ ಹಾಗೆ ಮಾಡಿಕೊಡುತ್ತಿದ್ದ.
ಹಾಗೆ ಬಿಗಿ ಮಾಡಿದ್ದೊಂದು, ಎಪ್ಪತ್ತೊಂಬತ್ತರ ಚಳಿಯಲ್ಲಿ,
ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ, ಎಣ್ಣೆ ಗಂಜಿಯಾಗಿ
ಅರ್ಧ ದಾರಿಯಲ್ಲಿ ಬಾಯಿ ತೆರೆದು ನಿಂತುಬಿಟ್ಟಿತು.
ಎದುರಿಗಿದ್ದ ಗಾಯದ ಹೋರಿಗೆ
ಈ ನಾಜೂಕೆಲ್ಲ ಎಲ್ಲಿ ಗೊತ್ತು?
ಲೆರಾಯ್ ಸ್ಟೆಂಜೆಮ್‌ನ ಪಕ್ಕೆಲುಬು ಮೂರು.
ಆಸ್ಪತ್ರೆಯಿಂದ ಬಂದ ಅಪ್ಪ ಕೋಟು ಕೂಡ ತೆಗೆಯದೆ ಅಂದದ್ದು:
"ಚಳಿಗೂ ಎಳ್ಳಷ್ಟು ಜಾಗ ಬಿಡಬೇಕು."

ಗುಂಡಿಗೆ ಹಳಿಯ ಹಂಗಿಲ್ಲ.
ಅದು ಹೊರಡುವುದು ಬ್ಯಾರೆಲಿನಿಂದ,
ಕಣ್ಣು ಕೂತಿರುವುದು ಸ್ಲೈಡಿನ ಮೇಲೆ.
ಆ ಎರಡು ಪ್ರತಿಸಲ ಒಂದೇ ಜಾಗದಲ್ಲಿ ಕೈಹಿಡಿದರೆ ಸಾಕು,
ಕೆಳಗಿನ ಸಂಸಾರ ಲೊಡಲೊಡ ಅನ್ನುತ್ತಿರಲಿ.
ಬ್ಯಾರೆಲಿನ ಹಿಂತುದಿಯನ್ನು ಹೆಬ್ಬೆರಳಿಂದ ಒತ್ತಿದೆ. ಅಲುಗಲಿಲ್ಲ.
ಮೂತಿಯ ಬುಶಿಂಗನ್ನು ಜಗ್ಗಿದೆ. ಅದೂ ಇಲ್ಲ.
ಬುಧವಾರ ಮರಳಚೀಲದ ಮೇಲಿಟ್ಟು ನಾನೇ ಹೊಡೆದೆ:
ಹತ್ತೂ ತೂತು ಒಂದು ಬೆಳ್ಳಿ ಡಾಲರಿನಡಿ ಅಡಗಿದವು.

ಆ ಕಾಗದ ಮಡಚಿ ಡ್ರಾಯರಿಗೆ ಹಾಕಿದೆ.
ಎಪ್ಪತ್ತಮೂರು ದಾಟಿದವನಿಗೆ
ಸವೆದಿರುವುದು ನಿನ್ನ ಮಣಿಕಟ್ಟು ಅಂತ ಹೇಳುವಷ್ಟು
ನನ್ನ ನಾಲಗೆ ಸಡಿಲವಲ್ಲ.
ಹೊಸ ಸ್ಪ್ರಿಂಗು ಹಾಕಿದೆ. ಹಳಿಗಳಿಗೆ ದಪ್ಪ ಗ್ರೀಸು ಮೆತ್ತಿದೆ,
ನೆಲಮಾಳಿಗೆಯಲ್ಲಿ ಹೇಗೂ ಹೀಟರು ಇದೆ.
ಸದ್ದು ಅಡಗಿತು.
ಸ್ಪ್ರಿಂಗಿಗೆ ಹದಿನಾಲ್ಕು ಡಾಲರು; ಗ್ರೀಸನ್ನು ಬಿಲ್ಲಿನಲ್ಲಿ ಬರೆಯಲಿಲ್ಲ.
ಅವನು ಅಲ್ಲಾಡಿಸಿ, ಕಿವಿಗೊಟ್ಟು, ಮಗುವಿನ ಹಾಗೆ ನಕ್ಕ.

ಮುಂದಿನ ಗುರುವಾರ ಮತ್ತೆ ಅದೇ ಟವೆಲ್ಲು.
"ಮಂಗಳವಾರ ಹೇಗಾಯ್ತು?"
"ತಟ್ಟೆ. ಅದೇ ತಟ್ಟೆ. ಒಂದು ಕಡೆ ಅಂಚು ಮುರಿದಿದೆ, ಅಷ್ಟೆ."
ಬಹಳ ಹೊತ್ತು ಕಿಟಕಿಯಾಚೆ ನೋಡಿದ. ಆಚೆ ನೋಡಲು ಏನೂ ಇರಲಿಲ್ಲ,
ಬಿಳಿ ಹೊಲ, ಬಿಳಿ ರಸ್ತೆ, ನಿಂತ ಒಂದು ಲಾರಿ.
"ಸದ್ದಿದ್ದಾಗ ಬೈಯುವುದಕ್ಕಾದರೂ ಯಾರೋ ಇದ್ದರು.
ಈಗ ಆ ಸಾಲಿನಲ್ಲಿ ನಾನೊಬ್ಬನೇ ನಿಂತ ಹಾಗಾಗುತ್ತೆ.
ಗಲಗಲ ವಾಪಸು ಹಾಕಿಕೊಡಲಿಕ್ಕೆ ಎಷ್ಟಾಗುತ್ತೆ?"

ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ
ಹಳಿಗಳಿಂದ ಗ್ರೀಸು ಒರೆಸತೊಡಗಿದೆ.
ಅವನು ಕಾಯುತ್ತ ಕಾಫಿಗೆ ಸಕ್ಕರೆ ಹಾಕಿಕೊಂಡ.
ಎತ್ತಿದ ಮಗ್ಗಿನೊಳಗೆ ಚಮಚ
ಸಣ್ಣಗೆ ಸದ್ದು ಮಾಡುತ್ತಿತ್ತು, ಬಿಡದೆ.
ರೇಡಿಯೋದಲ್ಲಿ ಗೋಧಿಯ ಧಾರಣೆ ಓದುತ್ತಿದ್ದರು.
ತುಸು ಜೋರು ಮಾಡಿದೆ.